ಧಾರಣೆ ಬಿದ್ದಾಗ ಅಮೆರಿಕದ ರೈತ ಕೇಳಿದ್ದೇನು, ಪಡೆದದ್ದೇನು?

ಅಡಿಕೆಯ ಧಾರಣೆ ಕುಸಿದ ವರ್ಷ ನಮ್ಮಲ್ಲಿ ಕೇಳಿಬರುವ ಮೊದಲ ಮಾತು, ಸರಕಾರ ಖರೀದಿಗೆ ಇಳಿಯಲಿ ಎಂಬುದು. ಎರಡನೆಯ ಮಾತು, ಬೆಳೆಗಾರರೇ ಒಂದಾಗಿ ಮಾರಾಟ ಮಾಡೋಣ ಎಂಬುದು. 1970ರ ಆಸುಪಾಸಿನ ಬೆಲೆ ಕುಸಿತದ ಸಂಕಟದಿಂದಲೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತೆಂಬುದು ನಮ್ಮ ಹಿರಿಯ ಸದಸ್ಯರಿಗೆ ನೆನಪಿದ್ದೀತು. ಇದೇ ಎರಡು ಮಾತುಗಳನ್ನು ಅದಕ್ಕೂ ಐವತ್ತು ವರ್ಷ ಮೊದಲು ಅಮೆರಿಕದ ಗೋಧಿ, ಹತ್ತಿ, ಹೊಗೆಸೊಪ್ಪಿನ ರೈತರು ಆಡಿದ್ದರು. ಅವರ ಕೂಗಿನಿಂದ ಆ ದೇಶದ ಸರಕಾರದ ಸ್ವರೂಪವೇ ಬದಲಾಯಿತು. ರೈತನ ಹೊಲದ ಬೇಲಿಯ ಹೊರಗೆ ನಿಂತಿದ್ದ ಸರಕಾರ ಬೇಲಿ ದಾಟಿ ಒಳಗೆ ಬಂತು. ಬಂದದ್ದರಿಂದ ಯಾರಿಗೆ ಒಳಿತಾಯಿತು, ಯಾರು ಹೊಲವನ್ನೇ ಬಿಟ್ಟು ಹೋಗಬೇಕಾಯಿತು ಎಂಬುದು ಸಣ್ಣ ಹಿಡುವಳಿದಾರರಾದ ನಾವು ತಿಳಿದಿರಬೇಕಾದ ಕಥೆ.

ಅಮೆರಿಕವೆಂದರೆ ಸಾವಿರಾರು ಎಕರೆಯ ಹೊಲ, ಮನೆಯಷ್ಟು ಎತ್ತರದ ಯಂತ್ರ ಎಂಬ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ನೂರು ವರ್ಷದ ಹಿಂದೆ ಹಾಗಿರಲಿಲ್ಲ. 1920ರ ಜನಗಣತಿಯಲ್ಲಿ ಆ ದೇಶದ ಪಟ್ಟಣವಾಸಿಗಳ ಸಂಖ್ಯೆ ಮೊಟ್ಟಮೊದಲ ಬಾರಿಗೆ ಅರ್ಧವನ್ನು ದಾಟಿತು. ಆಗಲೂ ಹತ್ತರಲ್ಲಿ ಮೂರು ಮಂದಿ ಹೊಲದ ಮನೆಗಳಲ್ಲಿಯೇ ಬದುಕುತ್ತಿದ್ದರು. ಉಳುಮೆಗೆ ಕುದುರೆ, ಹೇಸರಗತ್ತೆ. ದೀಪಕ್ಕೆ ಸೀಮೆಎಣ್ಣೆ. ನೀರಿಗೆ ಬಾವಿ.

ಯುದ್ಧದ ಬೆಲೆ, ಶಾಂತಿಯ ಬೆಲೆ

1910ರಿಂದ 1914ರವರೆಗಿನ ಐದು ವರ್ಷಗಳನ್ನು ಅಮೆರಿಕದ ರೈತರು ತಮ್ಮ ಸುವರ್ಣಕಾಲವೆಂದು ಕರೆಯುತ್ತಿದ್ದರು. ಬೆಳೆದದ್ದಕ್ಕೂ ಕೊಳ್ಳುವುದಕ್ಕೂ ಆಗ ಹೊಂದಿಕೆಯಿತ್ತು. ಆಮೇಲೆ ಬಂದದ್ದು ಮೊದಲನೆಯ ಮಹಾಯುದ್ಧ. ಯುರೋಪಿನ ಹೊಲಗಳು ಹಾಳುಬಿದ್ದಾಗ ಜಗತ್ತಿಗೆ ಅನ್ನವಿಡುವ ಹೊಣೆ ಅಮೆರಿಕದ ಮೇಲೆ ಬಿತ್ತು. ಸರಕಾರವೇ ಗೋಧಿಗೆ ಬುಷೆಲಿಗೆ ಎರಡು ಡಾಲರಿಗಿಂತ ಹೆಚ್ಚಿನ ಬೆಲೆಯ ಭರವಸೆ ಕೊಟ್ಟಿತು. ಗೋಧಿಯ ಬುಷೆಲೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು 27 ಕಿಲೊ. ರೈತ ಸಾಲ ಮಾಡಿ ಪಕ್ಕದ ಹೊಲ ಕೊಂಡ, ಟ್ರ್ಯಾಕ್ಟರ್ ತಂದ, ಹುಲ್ಲುಗಾವಲನ್ನೂ ಉತ್ತು ಬಿತ್ತಿದ.

1920ರ ಬೇಸಗೆಯಲ್ಲಿ ಸರಕಾರದ ಭರವಸೆ ಮುಗಿಯಿತು. ಯುರೋಪಿನಲ್ಲಿ ಮತ್ತೆ ನೇಗಿಲು ಹೂಡಿದ್ದರು. 1921 ಮುಗಿಯುವ ಹೊತ್ತಿಗೆ ಗೋಧಿ ಒಂದು ಡಾಲರಿನ ಆಸುಪಾಸಿಗೆ ಇಳಿದಿತ್ತು. ಸಾಲ ಮಾತ್ರ ಇಳಿಯಲಿಲ್ಲ. ಎರಡು ಡಾಲರಿನ ಗೋಧಿ ನಂಬಿ ಮಾಡಿದ ಸಾಲವನ್ನು ಒಂದು ಡಾಲರಿನ ಗೋಧಿಯಿಂದ ತೀರಿಸಬೇಕಾಯಿತು. ಇದರ ಲೆಕ್ಕವನ್ನು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ.

ಇದರ ಜೊತೆಗೇ ಯಾರೂ ಎಣಿಸದ ಇನ್ನೊಂದು ಬದಲಾವಣೆಯೂ ನಡೆದಿತ್ತು. ಆ ದೇಶದಲ್ಲಿ ಸುಮಾರು ಎರಡೂವರೆ ಕೋಟಿ ಕುದುರೆ, ಹೇಸರಗತ್ತೆಗಳಿದ್ದವು. ಅವುಗಳ ಮೇವಿಗೆಂದೇ ಕೋಟ್ಯಂತರ ಎಕರೆಯಲ್ಲಿ ಓಟ್ಸ್, ಹುಲ್ಲು ಬೆಳೆಯುತ್ತಿದ್ದರು. ಮೋಟಾರು ಕಾರು, ಟ್ರ್ಯಾಕ್ಟರು ಬಂದಂತೆ ಕುದುರೆ ಕಡಿಮೆಯಾಯಿತು, ಮೇವಿನ ನೆಲವೆಲ್ಲ ಮಾರುಕಟ್ಟೆಯ ಬೆಳೆಗೆ ತಿರುಗಿತು. ಪೇಟೆಗೆ ಮಾಲು ಹೆಚ್ಚಿತು. ಕೆಲಸ ಹಗುರ ಮಾಡಿದ ಯಂತ್ರವೇ ಬೆಲೆಯನ್ನೂ ಹಗುರ ಮಾಡಿತು!

ಒಗ್ಗಟ್ಟಿನ ಮೊದಲ ಪ್ರಯತ್ನ

ಮೊದಲು ರೈತರು ಹಿಡಿದ ದಾರಿ ಸಹಕಾರದ್ದು. ಒಂದು ಅಡಚಣೆ ಇತ್ತು. ದೊಡ್ಡ ವ್ಯಾಪಾರಿ ಕೂಟಗಳನ್ನು ಮುರಿಯಲೆಂದು ಅಮೆರಿಕದಲ್ಲಿ ಏಕಸ್ವಾಮ್ಯ ವಿರೋಧಿ ಕಾನೂನಿತ್ತು. ರೈತರು ಕೂಡಿ ಬೆಲೆ ನಿಗದಿ ಮಾಡಿದರೆ ಅದೂ ಅಪರಾಧವಾಗುವ ಭಯವಿತ್ತು. 1922ರ ಫೆಬ್ರವರಿಯಲ್ಲಿ ಬಂದ ಕ್ಯಾಪರ್-ವೋಲ್‌ಸ್ಟೆಡ್ ಕಾಯಿದೆ ಈ ಭಯವನ್ನು ನೀಗಿತು. ಬೆಳೆಗಾರರು ತಮ್ಮ ಹುಟ್ಟುವಳಿಯನ್ನು ಒಟ್ಟಾಗಿ ಸಂಸ್ಕರಿಸಿ ಮಾರುವುದು ಕಾನೂನುಬದ್ಧವಾಯಿತು. ಅಲ್ಲಿನ ಸಹಕಾರಿಗಳು ಇಂದಿಗೂ ಇದನ್ನು ತಮ್ಮ ಹಕ್ಕುಪತ್ರವೆಂದೇ ಭಾವಿಸುತ್ತಾರೆ.

ಆರನ್ ಸಪಿರೊ ಎಂಬ ಕ್ಯಾಲಿಫೋರ್ನಿಯಾದ ವಕೀಲ ಈ ಕಾಲದಲ್ಲಿ ಊರೂರು ತಿರುಗಿ ಹೇಳಿದ್ದು ಇಷ್ಟು: ಒಂದು ಬೆಳೆಯ ಹೆಚ್ಚಿನ ಪಾಲು ಒಂದೇ ಸಂಘದ ಕೈಯಲ್ಲಿರಬೇಕು, ಸದಸ್ಯರು ಐದು ವರ್ಷದ ಕರಾರಿಗೆ ಸಹಿ ಹಾಕಬೇಕು, ಕೊಯ್ಲಿನ ಕಾಲದಲ್ಲಿ ಮಾಲು ಸುರಿಯದೆ ವರ್ಷವಿಡೀ ಅಳೆದು ತೂಗಿ ಮಾರಬೇಕು. ಕ್ಯಾಲಿಫೋರ್ನಿಯಾದ ಹಣ್ಣಿನ ಬೆಳೆಗಾರರಲ್ಲಿ ಇದು ಫಲಿಸಿತ್ತು. ಹೊಗೆಸೊಪ್ಪಿನ ನಾಡಾದ ಕೆಂಟಕಿಯಲ್ಲಿ 1921ರಲ್ಲಿ ಸಾವಿರ ಸಾವಿರ ರೈತರು ಸಹಿ ಹಾಕಿದರು. ಮೊದಲ ವರ್ಷಗಳಲ್ಲಿ ಬೆಲೆ ಏರಿತು. ಏರಿದ ಬೆಲೆ ಸಂಘಕ್ಕೆ ಸೇರದವನಿಗೂ ಸಿಕ್ಕಿತು. ಸಂಘದ ಸದಸ್ಯನಿಗೆ ಕಂತಿನಲ್ಲಿ ಹಣ, ಹೊರಗಿದ್ದವನಿಗೆ ತಕ್ಕಡಿಯಿಂದ ಇಳಿಸಿದ ಕೂಡಲೇ ರೊಕ್ಕ. ಒಳಗಿದ್ದವರಿಗೆ ಹೊರಗಿದ್ದವರೇ ಜಾಣರಂತೆ ಕಂಡರು. ಐದು ವರ್ಷದ ಕರಾರು ಮುಗಿದಾಗ ಮತ್ತೆ ಸಹಿ ಹಾಕುವವರು ಸಾಕಷ್ಟು ಸಿಗಲಿಲ್ಲ. ಮಂಡಿಯ ವ್ಯಾಪಾರಿ ಎರಡು ರೂಪಾಯಿ ಹೆಚ್ಚು ಕೊಟ್ಟ ದಿನ ಸಂಘವನ್ನು ಮರೆಯುವ ಸದಸ್ಯರು ನಮ್ಮಲ್ಲಿ ಮಾತ್ರ ಇರುವುದಲ್ಲ.

ಇನ್ನೊಂದು ಕಡೆಯಿಂದ ಬೇರೊಂದು ಯೋಚನೆ ಮೊಳೆಯುತ್ತಿತ್ತು. ಅದು ಬಂದದ್ದು ರೈತನಿಂದಲ್ಲ, ನೇಗಿಲು ಮಾರುವವನಿಂದ! ಇಲಿನಾಯ್ ರಾಜ್ಯದ ಮೊಲೀನ್ ನೇಗಿಲು ಕಂಪೆನಿಯನ್ನು ನಡೆಸುತ್ತಿದ್ದ ಜಾರ್ಜ್ ಪೀಕ್, ಕೈಬರಿದಾದ ರೈತ ತನ್ನ ನೇಗಿಲು ಕೊಳ್ಳಲಾರನೆಂಬುದನ್ನು ಚೆನ್ನಾಗಿ ಕಂಡಿದ್ದ. 1922ರಲ್ಲಿ ಆತ ಮುಂದಿಟ್ಟ ಸೂತ್ರಕ್ಕೆ ಮುಂದೆ ಸಮಬೆಲೆ ಎಂಬ ಅರ್ಥದ ಹೆಸರು ಬಂತು. 1910–14ರಲ್ಲಿ ಒಂದು ಗಾಡಿ ಗೋಧಿಗೆ ಎಷ್ಟು ಬಟ್ಟೆ, ಎಷ್ಟು ಕಬ್ಬಿಣ ಬರುತ್ತಿತ್ತೋ ಇವತ್ತೂ ಅಷ್ಟೇ ಬರಬೇಕು. ಅದಕ್ಕೆ ತಕ್ಕ ಬೆಲೆಯನ್ನು ಸರಕಾರ ಖಾತ್ರಿ ಮಾಡಬೇಕು ಎಂಬುದು ಅದರ ತಿರುಳು. ಈ ಸೂತ್ರದ ಮಸೂದೆ ಎರಡು ಸಲ ಸಂಸತ್ತನ್ನು ದಾಟಿತು. 1927ರಲ್ಲಿಯೂ 1928ರಲ್ಲಿಯೂ ಅಧ್ಯಕ್ಷ ಕೂಲಿಜ್ ಅದಕ್ಕೆ ಸಹಿ ಹಾಕಲಿಲ್ಲ.

1929ರಲ್ಲಿ ಅಧ್ಯಕ್ಷ ಹೂವರ್ ಅರ್ಧ ದಾರಿ ನಡೆದರು. ಐವತ್ತು ಕೋಟಿ ಡಾಲರಿನ ನಿಧಿಯೊಡನೆ ಕೃಷಿ ಮಂಡಳಿಯೊಂದು ಸ್ಥಾಪನೆಯಾಗಿ, ಗೋಧಿ ಹತ್ತಿಗಳನ್ನು ಖರೀದಿಸಿ ದಾಸ್ತಾನು ಮಾಡತೊಡಗಿತು. ಬೆಳೆಯುವ ಪ್ರಮಾಣಕ್ಕೆ ಮಾತ್ರ ಯಾವ ಕಡಿವಾಣವೂ ಇರಲಿಲ್ಲ. ಎಷ್ಟು ಕೊಂಡರೂ ಮರುವರ್ಷ ಅಷ್ಟೇ ಬಂದು ಬೀಳುತ್ತಿತ್ತು. ಎರಡೇ ವರ್ಷದಲ್ಲಿ ನಿಧಿ ಬರಿದಾಗುತ್ತ ಬಂತು, ಗೋದಾಮು ತುಂಬಿತು, ಬೆಲೆ ಇನ್ನೂ ಕೆಳಗಿಳಿಯಿತು.

ಒಂದು ಬಿಡಿಕಾಸಿನ ಹರಾಜು

1932ರಲ್ಲಿ ಗೋಧಿಯ ಸರಾಸರಿ ಬೆಲೆ ಬುಷೆಲಿಗೆ 38 ಸೆಂಟ್. ಡಾಲರಿನ ನೂರರಲ್ಲೊಂದು ಭಾಗ ಸೆಂಟ್. ನಮ್ಮ ಕರಾವಳಿಯ ಜಾಗದ ಅಳತೆಯ ಸೆಂಟ್ಸ್ ಅಲ್ಲ. ಹತ್ತಿ 1919ರಲ್ಲಿ ಪೌಂಡಿಗೆ 35 ಸೆಂಟ್ ಇದ್ದದ್ದು ಆರೂವರೆಗೆ ಬಂದಿತ್ತು. ಅಯೋವಾ, ನೆಬ್ರಾಸ್ಕಾ ರಾಜ್ಯಗಳಲ್ಲಿ ಕಲ್ಲಿದ್ದಲು ಕೊಳ್ಳುವುದಕ್ಕಿಂತ ಮುಸುಕಿನ ಜೋಳವನ್ನೇ ಒಲೆಗೆ ಹಾಕುವುದು ಅಗ್ಗವೆಂದು ರೈತರು ಹಾಗೆಯೇ ಮಾಡಿದರು. ಅದೇ ಚಳಿಗಾಲ ಪಟ್ಟಣಗಳಲ್ಲಿ ನಿರುದ್ಯೋಗಿಗಳು ಗಂಜಿಗಾಗಿ ಸಾಲುಗಟ್ಟಿ ನಿಂತಿದ್ದರು.

ಬ್ಯಾಂಕುಗಳು ಹೊಲ, ದನ, ಸಾಮಾನುಗಳನ್ನು ಏಲಂಗೆ ತಂದವು. ಆಗ ನೆರೆಹೊರೆಯವರು ಒಂದು ಉಪಾಯ ಹೂಡಿದರು. ಎಲ್ಲರೂ ಹರಾಜಿಗೆ ಬಂದು ನಿಲ್ಲುವುದು. ಒಂದು ಹಸುವಿಗೆ ಒಂದು ಬಿಡಿಕಾಸು ಕೂಗುವುದು. ಹೆಚ್ಚು ಕೂಗಲು ಬಾಯಿ ತೆರೆದವನನ್ನು ನಾಲ್ಕು ಜನ ಗಟ್ಟಿಗರು ಸುತ್ತುವರಿಯುವುದು. ಕೊನೆಗೆ ಕೆಲವೇ ಡಾಲರಿಗೆ ಎಲ್ಲವನ್ನೂ ಕೊಂಡು ಮೊದಲಿನ ಯಜಮಾನನಿಗೇ ಹಿಂದಿರುಗಿಸುವುದು. ಮೈಲೊ ರೀನೊ ಎಂಬಾತನ ಮುಂದಾಳುತನದಲ್ಲಿ 1932ರಲ್ಲಿ ಅಯೋವಾದ ರೈತರು ಮಾರಾಟ ಮುಷ್ಕರ ಹೂಡಿ, ಸೂ ಸಿಟಿಗೆ ಹೋಗುವ ರಸ್ತೆಗಳನ್ನು ತಡೆದು ಹಾಲನ್ನು ಚರಂಡಿಗೆ ಸುರಿದರು. 1933ರ ಏಪ್ರಿಲಿನಲ್ಲಿ ಅದೇ ರಾಜ್ಯದ ಲಮಾರ್ಸ್ ಎಂಬ ಊರಿನಲ್ಲಿ, ಜಪ್ತಿಯ ಆದೇಶಗಳಿಗೆ ಸಹಿ ಹಾಕುವುದಿಲ್ಲವೆಂದು ಮಾತು ಕೊಡದ ನ್ಯಾಯಾಧೀಶರನ್ನು ಕಟ್ಟೆಯಿಂದ ಎಳೆದು ತಂದು ಕೊರಳಿಗೆ ಹಗ್ಗ ಹಾಕಿದರು. ಪ್ರಾಣ ಉಳಿಯಿತು. ಆದರೆ ಇವರು ಕ್ರಾಂತಿಕಾರಿಗಳಾಗಿರಲಿಲ್ಲ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಸ್ವಂತ ಹೊಲವಿದ್ದ ಗೃಹಸ್ಥರಾಗಿದ್ದರು. ವಾಷಿಂಗ್ಟನ್ ಹೆದರಿದ್ದು ಇದಕ್ಕೇ.

ಬೇಲಿಯೊಳಗೆ ಬಂದ ಸರಕಾರ

ಆ ಘಟನೆ ನಡೆದು ಎರಡು ವಾರದಲ್ಲಿ, 1933ರ ಮೇ 12ರಂದು, ಹೊಸ ಅಧ್ಯಕ್ಷ ರೂಸ್‌ವೆಲ್ಟ್ ಕೃಷಿ ಹೊಂದಾಣಿಕೆ ಕಾಯಿದೆಗೆ ಸಹಿ ಮಾಡಿದರು. ಕೃಷಿ ಮಂತ್ರಿ ಹೆನ್ರಿ ವ್ಯಾಲೆಸ್ ಸ್ವತಃ ಅಯೋವಾದವರು, ಮಿಶ್ರತಳಿ ಜೋಳದ ಬೀಜದ ಕಂಪೆನಿ ಕಟ್ಟಿದವರು. ಹೊಸ ಕಾಯಿದೆಯ ಲೆಕ್ಕ ಸರಳ: ಬೆಳೆ ಕಡಿಮೆ ಮಾಡುವ ರೈತನಿಗೆ ಸರಕಾರ ಹಣ ಕೊಡುತ್ತದೆ, ಹಣವನ್ನು ಗಿರಣಿಗಳ ಮೇಲಿನ ತೆರಿಗೆಯಿಂದ ಎತ್ತುತ್ತದೆ.

ಕಾಯಿದೆ ಬರುವಾಗ ಹತ್ತಿ ಆಗಲೇ ಮೊಣಕಾಲೆತ್ತರ ಬೆಳೆದು ನಿಂತಿತ್ತು. ಆದ್ದರಿಂದ ಆ ಬೇಸಗೆಯಲ್ಲಿ ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಿದರು. ಸಾಲಿನ ನಡುವೆ ಗಿಡ ತುಳಿಯದಂತೆ ಪಳಗಿಸಿದ್ದ ಹೇಸರಗತ್ತೆಗಳು ಹತ್ತಿಯ ಗಿಡದ ಮೇಲೆ ಕಾಲಿಡಲು ಒಪ್ಪಲಿಲ್ಲವೆಂದು ಪತ್ರಿಕೆಗಳು ಬರೆದವು. ಸುಮಾರು 60 ಲಕ್ಷ ಹಂದಿಗಳನ್ನೂ ಕೊಲ್ಲಿಸಿದರು. ಹಸಿದವರಿದ್ದ ದೇಶದಲ್ಲಿ ಇದು ದೊಡ್ಡ ನಿಂದೆಗೆ ಗುರಿಯಾಯಿತು, ಆಗಬೇಕಾದದ್ದೇ.

ಆ ವರ್ಷದ ಅಕ್ಟೋಬರಿನಲ್ಲಿ ಬಂದ ಇನ್ನೊಂದು ಏರ್ಪಾಡು ನಮ್ಮ ಸದಸ್ಯರಿಗೆ ಹೆಚ್ಚು ಪರಿಚಿತವೆನಿಸೀತು. ಸರಕು ಸಾಲ ನಿಗಮವೆಂಬ ಸರಕಾರಿ ಸಂಸ್ಥೆ ರೈತನ ಕಣಜದಲ್ಲಿರುವ ಜೋಳಕ್ಕೆ ಮೊಹರು ಹಾಕಿ, ಬುಷೆಲಿಗೆ 45 ಸೆಂಟಿನಂತೆ ಅಡಮಾನ ಸಾಲ ಕೊಟ್ಟಿತು. ಹತ್ತಿಗೆ ಪೌಂಡಿಗೆ 10 ಸೆಂಟ್. ಧಾರಣೆ ಏರಿದರೆ ರೈತ ಮಾಲು ಮಾರಿ ಸಾಲ ತೀರಿಸಬಹುದು. ಏರದಿದ್ದರೆ ಮಾಲನ್ನೇ ಸರಕಾರಕ್ಕೆ ಬಿಟ್ಟುಕೊಟ್ಟರಾಯಿತು, ಸಾಲ ತೀರಿದ ಹಾಗೆ. ಬಾಕಿಗಾಗಿ ಯಾರೂ ಮನೆ ಬಾಗಿಲಿಗೆ ಬರುವಂತಿಲ್ಲ. ಹೀಗೆ ಅಡಮಾನದ ದರವೇ ಪೇಟೆಯ ಕೆಳಮಟ್ಟದ ಧಾರಣೆಯಾಯಿತು. ಕೊಯ್ಲಾದೊಡನೆ ಸಿಕ್ಕಿದ ಬೆಲೆಗೆ ಮಾರಬೇಕೆಂಬ ಒತ್ತಡದಿಂದ ರೈತನನ್ನು ಬಿಡಿಸಿದ ಈ ಏರ್ಪಾಡನ್ನು ನಾನು ಆ ಕಾಲದ ಅತ್ಯುತ್ತಮ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

1936ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಗಿರಣಿ ತೆರಿಗೆಯ ಪದ್ಧತಿಯನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಸರಕಾರ ಬೇರೆ ಹೆಸರಿನಲ್ಲಿ, ಮಣ್ಣು ಸಂರಕ್ಷಣೆಯ ಸಹಾಯಧನವೆಂದು, ಹಣ ಕೊಡುವುದನ್ನು ಮುಂದುವರಿಸಿತು. 1938ರ ಕಾಯಿದೆ ಬಂದ ಮೇಲೆ ಬೆಳೆಗಾರರಲ್ಲಿ ಮೂರರಲ್ಲಿ ಎರಡು ಪಾಲು ಜನ ಮತ ಹಾಕಿ ಒಪ್ಪಿದರೆ ಮಾರಾಟದ ಕೋಟಾ ಎಲ್ಲರಿಗೂ ಕಡ್ಡಾಯ. ಇಲ್ಲಿ ಓಹಾಯೊ ರಾಜ್ಯದ ರಾಸ್ಕೊ ಫಿಲ್‌ಬರ್ನ್ ಎಂಬ ರೈತನ ಪ್ರಸಂಗವನ್ನು ಹೇಳಬೇಕು. ಆತನಿಗೆ ಗೋಧಿ ಬಿತ್ತಲು ಹಂಚಿಕೆಯಾಗಿದ್ದದ್ದು 11.1 ಎಕರೆ. ಬಿತ್ತಿದ್ದು 23 ಎಕರೆ. ಹೆಚ್ಚಿನ 239 ಬುಷೆಲಿಗೆ 117 ಡಾಲರ್ 11 ಸೆಂಟ್ ದಂಡ ಬಿತ್ತು. ಮನೆಯ ಕೋಳಿ, ದನಗಳಿಗೆ ಹಾಕಲು ಬೆಳೆದದ್ದು, ಅಂತಾರಾಜ್ಯ ವ್ಯಾಪಾರಕ್ಕೂ ಅದಕ್ಕೂ ಏನು ಸಂಬಂಧ ಎಂದು ಆತ ವಾದಿಸಿದ. ನೀನು ಬೆಳೆದುಕೊಂಡರೆ ಪೇಟೆಯಲ್ಲಿ ಕೊಳ್ಳುವುದಿಲ್ಲ, ಎಲ್ಲರೂ ಹೀಗೆ ಮಾಡಿದರೆ ದೇಶದ ಧಾರಣೆ ಬೀಳುತ್ತದೆ ಎಂಬ ಅರ್ಥದಲ್ಲಿ 1942ರಲ್ಲಿ ತೀರ್ಪಾಯಿತು. ಅಮೆರಿಕದ ಕೇಂದ್ರ ಸರಕಾರ ಆಮೇಲೆ ಕೂಲಿ, ವರ್ಣಭೇದ, ಪರಿಸರ ಮೊದಲಾದ ವಿಷಯಗಳಲ್ಲಿ ಕೈಹಾಕಲು ಆಧಾರವಾದ ತೀರ್ಪುಗಳಲ್ಲಿ ಈ ಗೋಧಿಯ ತೀರ್ಪೂ ಒಂದು.

ಧಣಿಯ ಹೆಸರಿಗೆ ಬಂದ ಚೆಕ್ಕು

ಹಣ ಬಂತು. ಯಾರ ಹೆಸರಿಗೆ? ದಕ್ಷಿಣದ ಹತ್ತಿ ಸೀಮೆಯಲ್ಲಿ ನೆಲ ಒಬ್ಬರದು, ದುಡಿಮೆ ಇನ್ನೊಬ್ಬರದು. ಗೇಣಿಗೆ, ಪಾಲಿಗೆ ಮಾಡುವ ಲಕ್ಷಾಂತರ ಕುಟುಂಬಗಳು ಅಲ್ಲಿದ್ದವು, ಕರಿಯರೂ ಬಿಳಿಯರೂ. ಗೇಣಿಯ ಕಾಲವನ್ನು ಕಂಡ ನಮ್ಮ ಕಡೆಯ ಹಿರಿಯರಿಗೆ ಅವರ ಸ್ಥಿತಿ ಕೂಡಲೇ ಅರ್ಥವಾದೀತು: ಧಣಿಯ ಅಂಗಡಿಯಲ್ಲೇ ಸಾಲ, ಧಣಿಯ ಪುಸ್ತಕದಲ್ಲೇ ಲೆಕ್ಕ. ಸರಕಾರದ ಕರಾರು ಆದದ್ದು ನೆಲದ ಒಡೆಯನೊಡನೆ. ಒಕ್ಕಲುಗಳ ಸಂಖ್ಯೆಯನ್ನು ಸಾಧ್ಯವಾದ ಮಟ್ಟಿಗೆ ಇಳಿಸಬಾರದು ಎಂಬ ಷರತ್ತೊಂದಿತ್ತು. ಆ ‘ಸಾಧ್ಯವಾದ ಮಟ್ಟಿಗೆ’ ಎಂಬ ಎರಡು ಪದಗಳ ಸಂದಿನಲ್ಲಿ ಸಾವಿರಾರು ಸಂಸಾರಗಳು ಬೀದಿಗೆ ಬಿದ್ದವು. ಬಿತ್ತನೆ ಕಡಿಮೆ ಮಾಡಲು ಬಂದ ಹಣದಿಂದ ಧಣಿಗಳು ಟ್ರ್ಯಾಕ್ಟರು ಕೊಂಡರು. ಟ್ರ್ಯಾಕ್ಟರು ಬಂದ ಮೇಲೆ ಒಕ್ಕಲು ಬೇಡವಾಯಿತು.

1934ರಲ್ಲಿ ಆರ್ಕನ್ಸಾ ರಾಜ್ಯದ ಟೈರೋಂಜಾ ಎಂಬಲ್ಲಿ ಕರಿಯರೂ ಬಿಳಿಯರೂ ಒಂದೇ ಸಂಘದಲ್ಲಿ ಸೇರಿ ದಕ್ಷಿಣದ ಗೇಣಿದಾರರ ಒಕ್ಕೂಟ ಕಟ್ಟಿದರು. ಆ ಕಾಲಕ್ಕೆ ಆ ನಾಡಿನಲ್ಲಿ ಅದು ಸಣ್ಣ ಧೈರ್ಯವಲ್ಲ. ಏಟು, ಗುಂಡು, ಸೆರೆಮನೆ ಎಲ್ಲವನ್ನೂ ಕಂಡರು. ಕೃಷಿ ಇಲಾಖೆಯೊಳಗೇ ಜೆರೋಮ್ ಫ್ರಾಂಕ್ ಎಂಬ ವಕೀಲನೂ ಅವನ ಸಂಗಡಿಗರೂ ಆ ಷರತ್ತನ್ನು ಒಕ್ಕಲುಗಳ ಪರವಾಗಿ ಅರ್ಥೈಸಲು ಹೊರಟರು. 1935ರ ಫೆಬ್ರವರಿಯಲ್ಲಿ ಫ್ರಾಂಕ್ ಮತ್ತು ಹಲವರನ್ನು ಕೆಲಸದಿಂದ ತೆಗೆದರು. ಸಂಸತ್ತಿನ ಕೃಷಿ ಸಮಿತಿಗಳಲ್ಲಿ ಕುಳಿತಿದ್ದವರು ದಕ್ಷಿಣದ ಧಣಿಗಳ ಬೆಂಬಲದಿಂದ ಗೆದ್ದವರು; ಅವರನ್ನು ಎದುರು ಹಾಕಿಕೊಳ್ಳಲು ರೂಸ್‌ವೆಲ್ಟರಿಗೆ ಆಗಲಿಲ್ಲ.

ಹತ್ತಿ ಬಿಡಿಸುವ ಯಂತ್ರ 1944ರಲ್ಲಿ ಮಿಸಿಸಿಪ್ಪಿಯಲ್ಲಿ ಇಡೀ ಒಂದು ಬೆಳೆಯನ್ನು ತೆಗೆದು ತೋರಿಸಿತು. 1940ರಿಂದ 1970ರವರೆಗೆ ಸುಮಾರು 50 ಲಕ್ಷ ಕರಿಯರು ದಕ್ಷಿಣವನ್ನು ಬಿಟ್ಟು ಶಿಕಾಗೊ, ಡೆಟ್ರಾಯಿಟ್, ಲಾಸ್ ಏಂಜಲೀಸಿನಂಥ ನಗರಗಳಿಗೆ ಹೋದರು. ಅಮೆರಿಕದ ಇಂದಿನ ನಗರಗಳ ಮುಖ, ಅಲ್ಲಿನ ರಾಜಕೀಯ, ಸಂಗೀತ ಕೂಡ ಈ ಗುಳೆಯಿಂದ ರೂಪುಗೊಂಡವು. 1920ರಲ್ಲಿ ಕರಿಯ ರೈತರ ಸಂಖ್ಯೆ ಒಂಬತ್ತು ಲಕ್ಷವನ್ನು ದಾಟಿತ್ತು. 2017ರ ಕೃಷಿ ಗಣತಿಯಲ್ಲಿ ಅದು 50 ಸಾವಿರಕ್ಕೂ ಕಡಿಮೆ. ಸಾಲ ಮಂಜೂರಾತಿಯಲ್ಲಿ ಕೃಷಿ ಇಲಾಖೆ ತಮಗೆ ಭೇದ ಮಾಡಿತೆಂದು ಅವರು ಹೂಡಿದ ದಾವೆ 1999ರಲ್ಲಿ ರಾಜಿಯಾಗಿ ಪರಿಹಾರ ಕೊಡಬೇಕಾಯಿತು.

ಐದು ಡಾಲರಿನ ದೀಪ

ಇದೇ ವರ್ಷಗಳಲ್ಲಿ ನಡೆದ ಇನ್ನೊಂದು ಕೆಲಸದ ದಾರಿಯೇ ಬೇರೆ. 1935ರಲ್ಲಿ ಅಮೆರಿಕದ ನಗರಗಳಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳಿಗೆ ವಿದ್ಯುತ್ತಿತ್ತು. ಹೊಲದ ಮನೆಗಳಲ್ಲಿ ಹತ್ತರಲ್ಲಿ ಒಂದಕ್ಕೆ ಮಾತ್ರ. ಮೈಲಿಗೆ ಎರಡೋ ಮೂರೋ ಮನೆಯಿದ್ದರೆ ಕಂಬ ಹಾಕಿದ ಖರ್ಚು ಹುಟ್ಟುವುದಿಲ್ಲ ಎನ್ನುವುದು ಖಾಸಗಿ ಕಂಪೆನಿಗಳ ಉತ್ತರ. ಟೆಕ್ಸಸ್ ರಾಜ್ಯದ ಗುಡ್ಡನಾಡಿನಲ್ಲಿ ಹೆಂಗಸರು ಆಳದ ಬಾವಿಯಿಂದ ದಿನವಿಡೀ ನೀರು ಸೇದಿ ಹೊತ್ತು ಬೆನ್ನು ಬಾಗಿಸಿಕೊಂಡಿದ್ದರು. ಬಟ್ಟೆಗೆ ಇಸ್ತ್ರಿ ಹಾಕಲು ಉರಿಬೇಸಗೆಯಲ್ಲಿಯೂ ಒಲೆಯ ಮುಂದೆ ಕಬ್ಬಿಣದ ತುಂಡು ಕಾಯಿಸಬೇಕು.

1935ರ ಮೇ 11ರಂದು ಗ್ರಾಮೀಣ ವಿದ್ಯುದೀಕರಣ ಆಡಳಿತ ಹುಟ್ಟಿತು. ಕಡಿಮೆ ಬಡ್ಡಿಯ ಸಾಲ ಕೊಟ್ಟು ಕಂಪೆನಿಗಳಿಂದಲೇ ತಂತಿ ಎಳೆಸಬೇಕೆಂಬುದು ಮೊದಲ ಎಣಿಕೆ. ಕಂಪೆನಿಗಳು ಹೆಚ್ಚು ಆಸಕ್ತಿ ತೋರಲಿಲ್ಲ. ಆಗ ಮುಂದೆ ಬಂದವರು ರೈತರ ಸಹಕಾರಿ ಸಂಘಗಳು. ಮನೆಗೆ ಐದು ಡಾಲರ್ ಸದಸ್ಯತ್ವ. ಐದು ಡಾಲರ್ ಹೊಂದಿಸುವುದೂ ಅಂದು ಕಷ್ಟವೇ. ಸದಸ್ಯರು ಮನೆ ಮನೆಗೆ ನಡೆದು ಸಹಿ ಕೂಡಿಸಿದರು, ಕಂಬ ಹೋಗಲು ಹೊಲದಲ್ಲಿ ಪುಕ್ಕಟೆ ದಾರಿ ಬಿಟ್ಟರು. ಸರಕಾರದ ಇಂಜಿನಿಯರರು ಕಂಬದ ಅಂತರ ಹೆಚ್ಚಿಸಿ, ನಕ್ಷೆಯನ್ನು ಸರಳಗೊಳಿಸಿ ಮೈಲಿಯ ಖರ್ಚನ್ನು ಸಾವಿರ ಡಾಲರಿಗಿಂತ ಕೆಳಗೆ ತಂದರು. ಸಂಘ ಹುಟ್ಟುವ ಸುಳಿವು ಸಿಕ್ಕಿದೊಡನೆ ಕೆಲವು ಕಂಪೆನಿಗಳು ರಾತ್ರೋರಾತ್ರಿ ಬಂದು ಅನುಕೂಲಸ್ಥರ ಮನೆಗಳಿರುವ ರಸ್ತೆಗೆ ಮಾತ್ರ ತಂತಿ ಎಳೆದು, ಉಳಿದವರ ಲೆಕ್ಕಾಚಾರ ಕೆಡಿಸುತ್ತಿದ್ದದ್ದೂ ಉಂಟು. ಒಳ್ಳೆಯ ಮಾಲಿದ್ದ ಮನೆಯ ಬಾಗಿಲಿಗಷ್ಟೇ ಬರುವ ವ್ಯಾಪಾರಿಯ ಜಾತಿಯೇ ಇದು.

ಟೆಕ್ಸಸಿನ ಗುಡ್ಡನಾಡಿನಲ್ಲಿ ಮೈಲಿಗೆ ಮೂರು ಮನೆ ಇರಬೇಕೆಂಬ ನಿಯಮ ಅಡ್ಡ ಬಂತು. ಲಿಂಡನ್ ಜಾನ್ಸನ್ ಎಂಬ ತರುಣ ಸಂಸತ್ ಸದಸ್ಯ ರೂಸ್‌ವೆಲ್ಟರನ್ನೇ ಕಂಡು ವಿನಾಯಿತಿ ತಂದ. 1939ರಲ್ಲಿ ಪೆಡರ್ನೇಲ್ಸ್ ವಿದ್ಯುತ್ ಸಹಕಾರಿಯ ದೀಪ ಹೊತ್ತಿತು. ಆ ತರುಣ 1963ರಲ್ಲಿ ದೇಶದ ಅಧ್ಯಕ್ಷನಾದ. 1950ರ ದಶಕದ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಹೊಲದ ಮನೆಗಳಿಗೆ ಬೆಳಕು ಬಂದಿತ್ತು. ಇಲ್ಲಿ ಎಕರೆಯ ಲೆಕ್ಕ ಇರಲಿಲ್ಲ. ಇಪ್ಪತ್ತು ಎಕರೆಯವನಿಗೂ ಎರಡು ಸಾವಿರ ಎಕರೆಯವನಿಗೂ ಒಂದೇ ಮತ, ಒಂದೇ ತಂತಿ. ಈ ಸಂಘಗಳ ಅನುಭವ ನಮ್ಮ ನಾಡಿಗೂ ಬಂತು: ಅಮೆರಿಕದ ವಿದ್ಯುತ್ ಸಹಕಾರಿಗಳ ನೆರವಿನಿಂದ ಭಾರತದಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಐದು ಸಂಘಗಳಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯದೂ ಒಂದು.

ರೈತನ ಗೋಧಿ, ಪಟ್ಟಣದ ತಟ್ಟೆ

ಬೆಲೆ ಹಿಡಿದು ನಿಲ್ಲಿಸಲು ಕೊಂಡ ಮಾಲನ್ನು ಏನು ಮಾಡುವುದು? 1939ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಬಡವರಿಗೆ ಎರಡು ಬಣ್ಣದ ಚೀಟಿ ಹಂಚಿದರು. ಒಂದು ಡಾಲರ್ ಕೊಟ್ಟು ಕಿತ್ತಳೆ ಚೀಟಿ ಕೊಂಡರೆ ಐವತ್ತು ಸೆಂಟಿನ ನೀಲಿ ಚೀಟಿ ಉಚಿತ. ನೀಲಿ ಚೀಟಿಗೆ ಹೆಚ್ಚುವರಿಯಾದ ಬೆಣ್ಣೆ, ಮೊಟ್ಟೆ ಮೊದಲಾದವು ಮಾತ್ರ. 1946ರಲ್ಲಿ ಶಾಲೆಯ ಮಕ್ಕಳ ಊಟದ ಕಾಯಿದೆ, 1964ರಲ್ಲಿ ಆಹಾರ ಚೀಟಿಯ ಕಾಯಿದೆ. 2024ರಲ್ಲಿ ಈ ಸಹಾಯ ಪಡೆಯುತ್ತಿದ್ದವರು ಸುಮಾರು 4 ಕೋಟಿ. ಹಳ್ಳಿಯ ಸಂಸತ್ ಸದಸ್ಯ ಚೀಟಿಗೆ ಮತ ಹಾಕುವುದು, ಪಟ್ಟಣದವನು ಬೆಳೆ ಸಹಾಯಧನಕ್ಕೆ ಮತ ಹಾಕುವುದು ಎಂಬ ಒಳಒಪ್ಪಂದದ ಮೇಲೆ ಅಲ್ಲಿನ ಕೃಷಿ ಕಾಯಿದೆಗಳು ಹಲವು ದಶಕ ನಡೆದವು.

ಮಿಕ್ಕದ್ದು ಹಡಗು ಹತ್ತಿತು. 1954ರ ಪಿ.ಎಲ್. 480 ಎಂಬ ಹೆಸರು ನಮ್ಮ ಹಿರಿಯರಿಗೆ ಗೊತ್ತು. 1966ರ ಬರಗಾಲದಲ್ಲಿ ಅಮೆರಿಕದ ಗೋಧಿ ಬೆಳೆಯ ಐದರಲ್ಲಿ ಒಂದು ಪಾಲಿನಷ್ಟು ಭಾರತಕ್ಕೆ ಬಂತು. ರೇಷನ್ ಅಂಗಡಿಯ ಆ ಗೋಧಿಯ ಜೊತೆಗೇ ಪಾರ್ಥೇನಿಯಂ ಕಳೆಯೂ ಬಂತೆಂಬ ಮಾತು ಈಗಲೂ ಬಳಕೆಯಲ್ಲಿದೆ.

ಕಾಫಿಯ ಬೆಳೆಗಾರರು ಇಲ್ಲಿ ಇನ್ನೊಂದನ್ನು ನೆನೆಯಬೇಕು. ತನ್ನ ರೈತರಿಗೆ ಕೋಟಾ ಹಾಕಿ ಬೆಲೆ ಹಿಡಿದ ಅದೇ ಅಮೆರಿಕ, 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದಕ್ಕೂ ಸಹಿ ಹಾಕಿ ರಫ್ತು ಕೋಟಾಕ್ಕೆ ಒಪ್ಪಿತು. ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ದೇಶಗಳು ಕಮ್ಯುನಿಸ್ಟರ ಕಡೆ ವಾಲಬಹುದೆಂಬ ಅಂಜಿಕೆಯೇ ಮುಖ್ಯ ಕಾರಣ. ಆ ಅಂಜಿಕೆ ತಗ್ಗಿದ ಹೊತ್ತಿಗೆ, 1989ರ ಜುಲೈಯಲ್ಲಿ, ಕೋಟಾ ಕುಸಿದುಬಿತ್ತು. ಪೌಂಡಿಗೆ 120ರಿಂದ 140 ಸೆಂಟಿನ ನಡುವೆ ಹಿಡಿಯಬೇಕೆಂದಿದ್ದ ಬೆಲೆ 1992ರ ವೇಳೆಗೆ ಅದರ ಅರ್ಧಕ್ಕಿಂತ ಕೆಳಗೆ ಹೋಯಿತು. ನಮ್ಮ ಕಾಫಿ ಮಂಡಳಿಯ ಪೂಲ್ ಪದ್ಧತಿ 1992ರಿಂದ ಸಡಿಲಗೊಳ್ಳುತ್ತ 1996ಕ್ಕೆ ಪೂರ್ತಿ ಮುಗಿಯಿತು.

ಮತ್ತೆ ಅದೇ ಸಾಲ

1972ರಲ್ಲಿ ಸೋವಿಯೆತ್ ದೇಶ ಅಮೆರಿಕದ ಗೋಧಿಯನ್ನು ಭಾರೀ ಪ್ರಮಾಣದಲ್ಲಿ ಕೊಂಡಿತು. 1971ರಲ್ಲಿ ಒಂದೂವರೆ ಡಾಲರಿಗೂ ಕಡಿಮೆಯಿದ್ದ ಬುಷೆಲು 1974ರಲ್ಲಿ ನಾಲ್ಕನ್ನು ದಾಟಿತು. ಬೇಲಿಯಿಂದ ಬೇಲಿಯವರೆಗೆ ಬಿತ್ತಿರಿ ಎಂಬುದು ಕೃಷಿ ಮಂತ್ರಿ ಅರ್ಲ್ ಬಟ್ಜರ ಉಪದೇಶ. 1917ರ ಹಾಗೆಯೇ ರೈತ ಸಾಲ ಮಾಡಿ ನೆಲ ಕೊಂಡ. 1979ರ ಅಕ್ಟೋಬರಿನಿಂದ ಹಣದುಬ್ಬರ ಇಳಿಸಲು ಕೇಂದ್ರ ಬ್ಯಾಂಕಿನ ಪಾಲ್ ವೋಲ್ಕರ್ ಹಣದ ಹರಿವನ್ನು ಬಿಗಿದರು. 1980ರ ಡಿಸೆಂಬರಿನಲ್ಲಿ ಬ್ಯಾಂಕುಗಳು ತಮ್ಮ ಉತ್ತಮ ಗಿರಾಕಿಗಳಿಗೆ ಹಾಕಿದ ಬಡ್ಡಿಯೇ ಶೇಕಡಾ 21.5! ಅದೇ ವರ್ಷದ ಜನವರಿಯಲ್ಲಿ ಅಫಘಾನಿಸ್ತಾನದ ಆಕ್ರಮಣಕ್ಕಾಗಿ ಸೋವಿಯೆತ್ತಿಗೆ ಧಾನ್ಯ ಮಾರಾಟವನ್ನು ಅಧ್ಯಕ್ಷ ಕಾರ್ಟರ್ ತಡೆದಿದ್ದರು. ಅಯೋವಾದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಬಾಳುತ್ತಿದ್ದ ನೆಲ 1986ರಲ್ಲಿ 787ಕ್ಕೆ ಇಳಿಯಿತು. ಅಜ್ಜ 1933ರಲ್ಲಿ ಉಳಿಸಿಕೊಂಡ ಹೊಲ ಮೊಮ್ಮಗನ ಕಾಲದಲ್ಲಿ ಹರಾಜಾದ ಮನೆಗಳು ಎಷ್ಟೋ. ಆ ವರ್ಷವೇ ಸಂಸತ್ತು ದಿವಾಳಿ ಕಾನೂನಿಗೆ ಹೊಸ ಅಧ್ಯಾಯ ಸೇರಿಸಿತು: ಕುಟುಂಬದ ರೈತ ತನ್ನ ಸಾಲವನ್ನು ನೆಲದ ಈಗಿನ ಬೆಲೆಗೆ ಇಳಿಸಿಕೊಂಡು, ಹೊಲ ಬಿಡದೆ ಕಂತಿನಲ್ಲಿ ತೀರಿಸಬಹುದು. ಹಲವರಿಗೆ ಅದು ತಡವಾಗಿ ಬಂತು.

1935ರಲ್ಲಿ ಅಮೆರಿಕದಲ್ಲಿ 68 ಲಕ್ಷ ಹಿಡುವಳಿಗಳಿದ್ದವು, ಸರಾಸರಿ 155 ಎಕರೆ. 2022ರ ಗಣತಿಯಲ್ಲಿ 19 ಲಕ್ಷ, ಸರಾಸರಿ 463 ಎಕರೆ. ಚೀನಾದೊಡನೆ ಸುಂಕದ ಜಗಳವಾಗಿ ಸೋಯಾ ಅವರೆಯ ಧಾರಣೆ ಬಿದ್ದಾಗ ಸರಕಾರ 2018ರಲ್ಲಿ 1,200 ಕೋಟಿ, 2019ರಲ್ಲಿ 1,600 ಕೋಟಿ ಡಾಲರ್ ನೆರವು ಸಾರಿತು. ಹಂಚಿದ್ದು ಬುಷೆಲಿನ, ಎಕರೆಯ ಲೆಕ್ಕದಲ್ಲೇ. ಹೆಚ್ಚು ನೆಲವಿದ್ದವನಿಗೆ ಹೆಚ್ಚು ಸೇರಿತು.

ವಿದ್ಯುತ್ ಸಹಕಾರಿ ಸಂಘಗಳು ಈಗಲೂ ಸುಮಾರು 900 ಇವೆ. ದೂರವಾಣಿ, ಅಂತರ್ಜಾಲದ ಕಂಪೆನಿಗಳು ಮೈಲಿಗೆ ಮೂರು ಮನೆಯ ಊರಿಗೆ ಬರಲು ಒಪ್ಪದ ಕಡೆ, ಅವುಗಳಲ್ಲಿ ಹಲವು ತಮ್ಮ ವಿದ್ಯುತ್ ಕಂಬಗಳ ಮೇಲೆಯೇ ಅಂತರ್ಜಾಲದ ತಂತಿಯನ್ನು ಎಳೆಯುತ್ತಿವೆ.